ಹುಚ್ಚಾಸ್ಪತ್ರೆಯ ಕೆಲಸ ನಮ್ಮ ಮಕ್ಕಳಿಗೇಕೆ ಬೇಡ?



ಕಳೆದ ತಿಂಗಳು ನಮ್ಮ ಬಳಗದ ಗೃಹಪ್ರವೇಶವೊಂದರಲ್ಲಿ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಒಂದು ಮಾತು ಕಿವಿಗೆ ಬಿತ್ತು. ನನ್ನ ತಂಗಿಯ ಮಗಳು ಜೀವತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಮನೋರೋಗಗಳ ಆನುವಂಶಿಕತೆಯನ್ನು ಅಭ್ಯಸಿಸುವ ಪ್ರಯೋಗಾಲಯವೊಂದು ಸಂಶೋಧನಾ ಸಹಾಯಕರನ್ನು ಕರೆದಿದ್ದು, ಅವಳು ಅರ್ಜಿ ಹಾಕಿದ್ದಾಳೆ. ಅದನ್ನು ಕೇಳಿದ ಹಿರಿಯರೊಬ್ಬರು, "ಬೇರೆಲ್ಲೂ ಕೆಲಸ ಸಿಗಲಿಲ್ಲವೇನಮ್ಮ? ಹುಚ್ಚಾಸ್ಪತ್ರೆಯ ಕೆಲಸವೆಂದರೆ ನಾಳೆ ಗಂಡಿನ ಕಡೆಯವರು ಏನೆಂದುಕೊಂಡಾರು?" ಎಂದರು. ತಂಗಿ ತಲೆ ತಗ್ಗಿಸಿದಳು. ನಾನು ಹೋಳಿಗೆ ತಿನ್ನುತ್ತ ಸುಮ್ಮನಿದ್ದೆ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1994ರಲ್ಲಿ ಹತ್ತನೆಯ ತರಗತಿಗೆ ಮೆಂಡೆಲನ ಬಟಾಣಿ ಗಿಡಗಳ ಪಾಠ ಮಾಡುತ್ತಿದ್ದೆ. ತರಗತಿ ಮುಗಿದ ಮೇಲೆ ಒಬ್ಬ ಹುಡುಗ ನನ್ನ ಹಿಂದೆಯೇ ಬಂದು, "ಸಾರ್, ನಮ್ಮಪ್ಪನಿಗೆ ತಲೆ ಸರಿಯಿಲ್ಲ. ನನಗೂ ಬರುತ್ತದೆಯೇ?" ಎಂದು ಕೇಳಿದ. ನಾನು ಬಿ.ಎಡ್. ಮುಗಿಸಿದ ಆತ್ಮವಿಶ್ವಾಸದಲ್ಲಿ ಕಾಗದದ ಮೇಲೆ ನಾಲ್ಕು ಮನೆಗಳ ಚೌಕ ಬರೆದು, ಪ್ರಬಲ ಗುಣವಾದರೆ ಅರ್ಧಕ್ಕರ್ಧ ಸಂಭವವಿದೆಯೆಂದು ವಿವರಿಸಿದೆ. ಎಷ್ಟೋ ವರ್ಷಗಳ ತರುವಾಯ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಮದುವೆಯಾಗಿರಲಿಲ್ಲ. "ನೀವು ಅಂದೇ ಹೇಳಿದ್ದಿರಲ್ಲ ಸಾರ್" ಎಂದು ನಕ್ಕ. ಆ ನಗು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಸ್ಕಿಜೋಫ್ರೀನಿಯಾ ಸಾಮಾನ್ಯ ಜನರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಬರುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಬರಬಹುದು. ಎಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದರೂ ಇನ್ನೊಬ್ಬರು ಪಾರಾಗುವ ಸಂಭವವೇ ಹೆಚ್ಚು. ಇದು ಮೆಂಡೆಲನ ಬಟಾಣಿಯ ಲೆಕ್ಕವಲ್ಲ. 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ಈ ರೋಗಕ್ಕೆ ಸಂಬಂಧಿಸಿದ 108 ತಾಣಗಳನ್ನು ನಮ್ಮ ವರ್ಣತಂತುಗಳ ಮೇಲೆ ಗುರುತಿಸಿತ್ತು. 2022ರಲ್ಲಿ ಆ ಸಂಖ್ಯೆ 287ಕ್ಕೆ ಏರಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಆ ಬಾಲಕನಿಗೆ ನಾನು ಹೇಳಬೇಕಾಗಿದ್ದುದು "ಬರದಿರುವ ಸಂಭವವೇ ಬಹಳ ಹೆಚ್ಚು, ಮಗು" ಎಂಬ ಒಂದೇ ಮಾತು.

ಈ ಅಧ್ಯಯನಗಳಲ್ಲಿ ರಕ್ತ ಕೊಟ್ಟವರಲ್ಲಿ ಬಹುಪಾಲು ಜನ ಐರೋಪ್ಯ ಮೂಲದವರು. ಅವರ ವಂಶವಾಹಿಗಳಿಂದ ಹಾಕಿದ ಲೆಕ್ಕ ನಮ್ಮವರಿಗೆ ಅಷ್ಟಾಗಿ ಹೊಂದುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಇಲ್ಲಿಯೇ, ನಮ್ಮ ಮನೆಗಳಲ್ಲಿಯೇ ಮಾಡಬೇಕಾಗಿದೆ. ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ 2016ರಲ್ಲಿ ಆರಂಭಿಸಿದ ಯೋಜನೆ ಇಂಥದೇ. ಸ್ಕಿಜೋಫ್ರೀನಿಯಾ, ಬೈಪೋಲಾರ್, ಗೀಳು ಕಾಯಿಲೆ, ಮರೆವಿನ ಕಾಯಿಲೆ, ವ್ಯಸನ ಎಂಬ ಐದು ತೊಂದರೆಗಳಲ್ಲಿ ಒಂದಕ್ಕಿಂತ ಹೆಚ್ಚು ಜನ ಬಳಲುತ್ತಿರುವ ಕುಟುಂಬಗಳನ್ನು ಆರಿಸಿಕೊಂಡು, ವರ್ಷಗಳ ಕಾಲ ಅವರ ಜೊತೆಗಿರುವುದು ಅದರ ಕ್ರಮ. ಅವರ ರಕ್ತದ ಕೋಶಗಳಿಂದ ಆಕರ ಕೋಶಗಳನ್ನು, ಅವುಗಳಿಂದ ನರಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಎಮ್ಮೆ ಕಟ್ಟಿದವನಿಗೆ ಹೇಗೋ ಹಾಗೆ, ಇಂಥ ಕೋಶಗಳನ್ನು ಸಾಕುವವರಿಗೂ ಭಾನುವಾರದ ರಜೆಯಿಲ್ಲ.

ಇಂಥ ಪ್ರಯೋಗಾಲಯಕ್ಕೆ ಯಾರು ಬೇಕು? ಜಾಹೀರಾತುಗಳನ್ನು ಓದಿದರೆ ಎಂ.ಎಸ್ಸಿ. ಬೇಕು, ನೆಟ್ ಅಥವಾ ಗೇಟ್ ಬೇಕು, ಡಿ.ಎನ್.ಎ. ಬೇರ್ಪಡಿಸಲು ಬರಬೇಕು, ಗಣಕದಲ್ಲಿ ಲೆಕ್ಕ ಹಾಕಲು ತಿಳಿದಿರಬೇಕು ಎಂದಿರುತ್ತದೆ. ಎಲ್ಲವೂ ಸರಿಯೇ. ಕನ್ನಡ ಬರಬೇಕೆಂಬುದು ಇದ್ದರೆ ಕೊನೆಯ ಸಾಲಿನಲ್ಲಿ, "ಅಪೇಕ್ಷಣೀಯ" ಎಂಬ ದಾಕ್ಷಿಣ್ಯದ ಮಾತಾಗಿ ಇರುತ್ತದೆ. ನನ್ನ ಮೊದಲ ಜಗಳ ಇಲ್ಲಿಯೇ.

ಈ ವಿಜ್ಞಾನದ ಮೊದಲ ಉಪಕರಣ ವಂಶವೃಕ್ಷ. ಅದನ್ನು ಬರೆಯುವುದೆಂದರೇನೆಂದು ಬಲ್ಲಿರಾ? ಮನೆಗೆ ಹೋಗಿ ಕೇಳಿದರೆ ಮೊದಲ ಉತ್ತರ "ನಮ್ಮ ಮನೆಯಲ್ಲಿ ಯಾರಿಗೂ ಅಂಥದ್ದಿಲ್ಲ" ಎಂದು. ಎರಡನೆಯ ಲೋಟ ಕಾಫಿಯ ಹೊತ್ತಿಗೆ ಊರು ಬಿಟ್ಟುಹೋದ ಚಿಕ್ಕಪ್ಪನ ಸುದ್ದಿ ಬರುತ್ತದೆ. ಮೂರನೆಯ ಸಲ ಹೋದಾಗ ಅಜ್ಜಿಯೊಬ್ಬರು ದನಿ ತಗ್ಗಿಸಿ, ಬಾವಿಗೆ ಬಿದ್ದ ನಾದಿನಿಯ ಕಥೆಯನ್ನೂ ಮೈಮೇಲೆ ದೇವರು ಬರುತ್ತಿದ್ದ ಅತ್ತೆಯ ಕಥೆಯನ್ನೂ ಹೇಳುತ್ತಾರೆ. ಇದನ್ನೆಲ್ಲ ಇಂಗ್ಲಿಷಿನ ಪ್ರಶ್ನಾವಳಿ ಹೊರಗೆ ತೆಗೆಯಲಾರದು. ಇನ್ನು ನಂಟಸ್ತಿಕೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ, ಚಿಕ್ಕಮ್ಮನ ಗಂಡ, ಎಲ್ಲರೂ ಇಂಗ್ಲಿಷಿನಲ್ಲಿ ಅಂಕಲ್. ಇವರಲ್ಲಿ ಮೂವರು ರಕ್ತಸಂಬಂಧಿಗಳು, ಉಳಿದಿಬ್ಬರು ಅಲ್ಲದಿರಬಹುದು. ಅಕ್ಕನ ಮಗಳನ್ನೇ ತಂದುಕೊಳ್ಳುವ ಪದ್ಧತಿಯಿದ್ದ ನಾಡಿನಲ್ಲಿ ಒಬ್ಬನೇ ವ್ಯಕ್ತಿ ಸೋದರಮಾವನೂ ಹೌದು, ಗಂಡನೂ ಹೌದು. ಒಂದು ಪದ ತಪ್ಪಿದರೆ ವಂಶವೃಕ್ಷವೇ ತಪ್ಪು. ಅದರ ಮೇಲೆ ನಡೆಸಿದ ಲಕ್ಷಾಂತರ ರೂಪಾಯಿಯ ಪರೀಕ್ಷೆಯೂ ವ್ಯರ್ಥ. ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ಈ ವಿದ್ಯೆ ಜಗಲಿಯಲ್ಲಿಯೇ ಬಂದಿರುತ್ತದೆ. ಅದನ್ನು ಯಾರೂ ಅರ್ಹತೆಯೆಂದು ಎಣಿಸುವುದಿಲ್ಲ.

ಎರಡನೆಯ ಜಗಳ ಇನ್ನೂ ದೊಡ್ಡದು. ಈ ಹುದ್ದೆಗಳಲ್ಲಿ ಬಹುಪಾಲು ತಾತ್ಕಾಲಿಕ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು; ಕಾಯಂ ಆಗುವ ಹಕ್ಕಿಲ್ಲವೆಂದು ಆದೇಶದಲ್ಲಿಯೇ ಬರೆದಿರುತ್ತದೆ. ಕಿರಿಯ ಸಂಶೋಧಕರ ಶಿಷ್ಯವೇತನವನ್ನು ಕೇಂದ್ರ ಸರ್ಕಾರ 2023ರ ಜನವರಿಯಿಂದ 31,000ದಿಂದ 37,000 ರೂಪಾಯಿಗೆ ಏರಿಸಿತು; ಸಂತೋಷ. ಆದರೆ ನೆಟ್ ಇಲ್ಲದೆ ಕ್ಷೇತ್ರಕಾರ್ಯಕ್ಕೆ ಸೇರುವವರಿಗೆ ಅದು ದೊರೆಯುವುದಿಲ್ಲ. ಸ್ನಾತಕೋತ್ತರ ಪ್ರಬಂಧಕ್ಕಾಗಿ ಆರು ತಿಂಗಳು ಬಂದು ದುಡಿಯುವ ವಿದ್ಯಾರ್ಥಿಗಳಿಗೆ ಹಲವೆಡೆ ಪ್ರಮಾಣಪತ್ರವೇ ಸಂಬಳ. ಒಂದು ಕುಟುಂಬವನ್ನು ಇಪ್ಪತ್ತು ವರ್ಷ ಹಿಂಬಾಲಿಸಬೇಕಾದ ವಿಜ್ಞಾನವನ್ನು ಎರಡು ವರ್ಷದ ಕರಾರಿನ ಮೇಲೆ ನಡೆಸುವುದು ಯಾವ ಜಾಣತನ?

ನನ್ನ ಶಿಷ್ಯೆಯೊಬ್ಬಳು ಹೀಗೆಯೇ ಒಂದು ಪ್ರಯೋಗಾಲಯದಲ್ಲಿ ಮೂರು ವರ್ಷ ದುಡಿದಳು. ಒಂದು ಮನೆಯಲ್ಲಿ ಕಾಯಿಲೆಯ ಅಣ್ಣ ತಂಗಿಯರು ಅವಳೊಬ್ಬಳೊಡನೆ ಮಾತ್ರ ಮಾತನಾಡುತ್ತಿದ್ದರಂತೆ. ಕರಾರು ಮುಗಿಯಿತು, ಅವಳನ್ನು ಬಿಟ್ಟರು. ಹೊಸಬರು ಹೋದಾಗ ಆ ಮನೆಯ ತಾಯಿ, "ನಮ್ಮ ಸಂಗತಿಯೆಲ್ಲ ಆ ಮಗುವಿಗೆ ಹೇಳಿಯಾಗಿದೆ, ಮತ್ತೆ ಹೇಳಲಾರೆ" ಎಂದು ಬಾಗಿಲು ಹಾಕಿಕೊಂಡರಂತೆ. ಶೈತ್ಯಪೆಟ್ಟಿಗೆಯಲ್ಲಿ ಅವರ ರಕ್ತ ಇನ್ನೂ ಇರಬಹುದು. ಅವರ ಕಥೆ ಬಲ್ಲವಳು ಈಗ ವಿಮಾ ಕಂಪನಿಯಲ್ಲಿದ್ದಾಳೆ. ಹಣವಿಲ್ಲವೆಂಬ ಮಾತನ್ನು ನಾನು ಪೂರ್ತಿಯಾಗಿ ನಂಬಲಾರೆ. 2023ರಲ್ಲಿ ರೋಹಿಣಿ ನಿಲೇಕಣಿಯವರ ದತ್ತಿಸಂಸ್ಥೆ ಬೆಂಗಳೂರಿನಲ್ಲಿ ಮಿದುಳು ಮತ್ತು ಮನಸ್ಸಿನ ಸಂಶೋಧನೆಗೆಂದು ಐದು ವರ್ಷಗಳಿಗೆ 100 ಕೋಟಿ ರೂಪಾಯಿ ಘೋಷಿಸಿತು. ಯಂತ್ರಕ್ಕೆ ವಾರ್ಷಿಕ ನಿರ್ವಹಣೆಯ ಒಪ್ಪಂದವಿರುತ್ತದೆ; ಮನುಷ್ಯನಿಗೇಕೆ ಇರಬಾರದು?

ಈ ಶಾಸ್ತ್ರವೇ ಅಪಾಯಕಾರಿ, ಕುಟುಂಬಗಳಿಗೆ ಕಳಂಕ ಹಚ್ಚುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಭಯ ಹುಸಿಯಲ್ಲ. ಮ್ಯೂನಿಕ್‌ನ ಅರ್ನ್ಸ್ಟ್ ರೂಡಿನ್ ಮನೋರೋಗಗಳ ಆನುವಂಶಿಕತೆಯ ದೊಡ್ಡ ಪಂಡಿತ. ರೋಗಿಗಳ ಸಂತಾನಶಕ್ತಿಯನ್ನು ಬಲವಂತವಾಗಿ ಹರಣಮಾಡುವ 1933ರ ನಾಜಿ ಕಾಯಿದೆಗೆ ವ್ಯಾಖ್ಯಾನ ಬರೆದವರಲ್ಲಿ ಆತನೂ ಒಬ್ಬ. ಆತನ ಬಳಿ ಕುಟುಂಬಗಳ ಪಟ್ಟಿಗಳಿದ್ದವು. ಆ ಮನೆಗಳ ಜಗಲಿಯ ಮೇಲೆ ಕುಳಿತು ಕಾಫಿ ಕುಡಿದವರು, ಇವರೂ ನಮ್ಮವರೇ ಎಂದುಕೊಂಡವರು ಆ ಪಟ್ಟಿಗಳನ್ನು ಕಾಯುತ್ತಿರಲಿಲ್ಲ. ಅದಕ್ಕಾಗಿಯೇ ನಮ್ಮ ಮಕ್ಕಳು ಒಳಗಿರಬೇಕೆನ್ನುತ್ತೇನೆ.

ಇನ್ನು ಬಂಧುಗಳಿಗೆ. ಇಂದಿನ ನಿಮ್ಹಾನ್ಸ್‌ನ ಮೂಲ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಸಂಸ್ಥೆ ಬಂದಿತು. 1974ರಲ್ಲಿ ಎರಡೂ ಕೂಡಿ ಈಗಿನ ಹೆಸರಾಯಿತು. ಹೆಸರು ಎಷ್ಟು ಸಲ ಬದಲಾದರೂ ನಮ್ಮ ಬಾಯಲ್ಲಿ ಅದು ಬೈಗುಳವಾಗಿಯೇ ಉಳಿದಿದೆ. ಪಂಕ್ತಿಯಲ್ಲಿ ಆ ಪ್ರಶ್ನೆ ಕೇಳಿದ ಹಿರಿಯರ ಸ್ವಂತ ದಾಯಾದಿಯೊಬ್ಬರು ಹದಿನಾಲ್ಕು ವರ್ಷ ಹಿತ್ತಲ ಕೋಣೆಯಲ್ಲಿದ್ದು ತೀರಿಕೊಂಡುದನ್ನು ನಾವೆಲ್ಲ ಬಲ್ಲೆವು, ಯಾರೂ ಹೇಳುವುದಿಲ್ಲ. ಆ ಕೋಣೆಯ ಬೀಗ ತೆಗೆಯಲು ಹೊರಟ ಹುಡುಗಿಯನ್ನು ಗಂಡಿನ ಕಡೆಯವರ ಹೆಸರಿನಲ್ಲಿ ತಡೆಯುತ್ತಿದ್ದೇವೆ.

ತಂಗೀ, ನೀನು ಇದನ್ನು ಓದುತ್ತೀಯೆಂದು ಬಲ್ಲೆ. ಸಂದರ್ಶನ ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಭಾನುವಾರ ರಾತ್ರಿಯ ಬಸ್ಸಿಗೆ ಎರಡು ಟಿಕೆಟ್ ತೆಗೆಸಿದ್ದೇನೆ. ಮಗುವಿನ ಜೊತೆ ನಾನು ಹೋಗುತ್ತಿದ್ದೇನೆ. ಅವಳ ಅಂಕಪಟ್ಟಿಗಳ ಮೂಲಪ್ರತಿಗಳನ್ನು ಮಾತ್ರ ಮರೆಯದೆ ಕೊಟ್ಟು ಕಳುಹಿಸು.