ಎಣ್ಣೆ ತೆಗೆಯುವ ಪ್ರಯೋಗದಲ್ಲಿ ಮಕ್ಕಳ ಉತ್ತರಕ್ಕೂ ಜಾಗ ಇರಲಿ

ವಿಜ್ಞಾನ ವಸ್ತುಪ್ರದರ್ಶನ ನೋಡಿದವರಿಗೆಲ್ಲ ಈ ಮಾದರಿ ಗೊತ್ತು. ಒಂದು ಟ್ರೇ ತುಂಬ ನೀರು, ಮೇಲೆ ತೇಲುವ ಎಣ್ಣೆ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಹಡಗು. ಹುಡುಗಿಯೊಬ್ಬಳು ಹತ್ತಿ ಅದ್ದಿ ಎಣ್ಣೆ ತೆಗೆದು, ‘ಸಮುದ್ರದಲ್ಲಿ ಎಣ್ಣೆ ಸೋರಿದರೆ ಹೀಗೆ ಸ್ವಚ್ಛ ಮಾಡಬಹುದು’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾಳೆ. ಅತಿಥಿಗಳು ತಲೆಯಾಡಿಸಿ ಮುಂದಿನ ಮೇಜಿಗೆ ಹೋಗುತ್ತಾರೆ.

ಹತ್ತಿಯೇ ಯಾಕೆ ಎಂದು ಯಾರೂ ಕೇಳುವುದಿಲ್ಲ. ತೆಂಗಿನ ನಾರು ಹಾಕಿದ್ದರೆ ಏನಾಗುತ್ತಿತ್ತು? ಎಷ್ಟು ಎಣ್ಣೆ ಹೋಯಿತು, ಎಷ್ಟು ಉಳಿಯಿತು? ಈ ಪ್ರಶ್ನೆಗಳಿಲ್ಲದೆ ಅದು ಬರೀ ಪ್ರದರ್ಶನ. ಅದನ್ನು ಪ್ರಯೋಗ ಎನ್ನಲು ನಮಗೆ ಮನಸ್ಸು ಬರುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ಎಣ್ಣೆ ತೆಗೆಯುವ ಈ ಪ್ರಯೋಗ ಪ್ರತಿ ಹಳ್ಳಿಯ ಹೈಸ್ಕೂಲಿನಲ್ಲೂ ನಡೆಯಬೇಕು. ಆದರೆ ಮಗು ಮೊದಲು ತನ್ನ ಊಹೆ ಬರೆಯಬೇಕು, ಆಮೇಲೆ ಅಳೆಯಬೇಕು, ಕೊನೆಗೆ ತನಗೆ ಬಂದ ಫಲಿತಾಂಶವನ್ನೇ ಬರೆಯಬೇಕು. ಅದು ಪುಸ್ತಕಕ್ಕೆ ಹೊಂದದಿದ್ದರೂ ಸರಿ, ಮೇಷ್ಟ್ರ ಮಾತಿಗೆ ಹೊಂದದಿದ್ದರೂ ಸರಿ.

ಸಮುದ್ರದ ಎಣ್ಣೆ ನಮ್ಮೂರಿಗೆ ಯಾಕೆ ಎನ್ನಬೇಡಿ. 2006ರ ಮೇ ಕೊನೆಯಲ್ಲಿ, ಇನ್ನೇನು ಮಳೆಗಾಲ ಕಾಲಿಡುವ ಹೊತ್ತಿಗೆ, ಓಷನ್ ಸೆರಾಯಾ ಎಂಬ ಹಡಗು ನಮ್ಮ ಕಾರವಾರದ ಹತ್ತಿರವೇ ಬಂಡೆಗೆ ಸಿಕ್ಕಿಕೊಂಡಿತು. ಅದರ ಇಂಧನ ಸೋರಿ ಗೋವಾದ ದಕ್ಷಿಣದ ಕಡಲತೀರದವರೆಗೂ ಹೋಯಿತು. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿಯಾದವು. ದಡಕ್ಕೆ ಬಂದ ಕಪ್ಪು ಎಣ್ಣೆಯನ್ನು ಜನ ಬಕೆಟ್‌ನಲ್ಲಿ ಮೊಗೆಯುತ್ತಿದ್ದುದನ್ನು ದೇಶವೆಲ್ಲ ನೋಡಿತು. ಅಂದರೆ, ಎಣ್ಣೆಯನ್ನು ಯಾವುದರಿಂದ ತೆಗೆಯುವುದು ಸುಲಭ ಎಂಬುದು ದೊಡ್ಡವರಿಗೂ ಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಕೊಟ್ಟವರು ವಿಜ್ಞಾನಿಯಲ್ಲ, ಕ್ಷೌರಿಕರು. 1989ರ ಮಾರ್ಚ್‌ನಲ್ಲಿ ಅಮೆರಿಕದ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಸಮುದ್ರಕ್ಕೆ ಹರಿಯಿತು. ಅಲ್ಲಿಂದ ಸಾವಿರಾರು ಮೈಲಿ ದೂರದ ಅಲಬಾಮಾದಲ್ಲಿ ಫಿಲ್ ಮೆಕ್ರೋರಿ ಎಂಬುವರು ಟಿವಿ ನೋಡುತ್ತಿದ್ದರು. ನೀರುನಾಯಿಯ ತುಪ್ಪಳದಲ್ಲಿ ಎಣ್ಣೆ ಮೆತ್ತಿಕೊಂಡಿತ್ತು. ತುಪ್ಪಳ ಎಣ್ಣೆ ಹಿಡಿಯುವುದಾದರೆ ಮನುಷ್ಯರ ಕೂದಲು ಯಾಕೆ ಹಿಡಿಯಬಾರದು ಎಂದು ಅವರಿಗೆ ಅನ್ನಿಸಿತು.

ಅನ್ನಿಸಿದ್ದನ್ನು ಅಷ್ಟಕ್ಕೇ ಬಿಡಲಿಲ್ಲ. ಅಂಗಡಿಯಲ್ಲಿ ಗುಡಿಸಿದ ಕೂದಲನ್ನು ಹೆಂಡತಿಯ ಉದ್ದ ಕಾಲುಚೀಲದಲ್ಲಿ ತುಂಬಿ ಬಳೆಯಂತೆ ಗಂಟು ಹಾಕಿದರು. ಮಗ ಆಡುವ ಪುಟ್ಟ ನೀರಿನ ತೊಟ್ಟಿಯಲ್ಲಿ ಅದನ್ನು ಬಿಟ್ಟು ನಡುವೆ ಎಂಜಿನ್ ಆಯಿಲ್ ಸುರಿದರು. ಸ್ವಲ್ಪ ಹೊತ್ತಿನಲ್ಲೇ ನೀರು ತಿಳಿಯಾಯಿತು. ಮುಂದೆ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಕೂಡ ಇದನ್ನು ಪರೀಕ್ಷಿಸಿತು. ನೋಡುವುದು, ಪ್ರಶ್ನೆ ಹಾಕಿಕೊಳ್ಳುವುದು, ಊಹಿಸುವುದು, ಮಾಡಿ ನೋಡುವುದು, ಬೇರೆಯವರ ಪರೀಕ್ಷೆಗೂ ಒಡ್ಡುವುದು. ವೈಜ್ಞಾನಿಕ ವಿಧಾನ ಎಂದು ಪುಸ್ತಕದಲ್ಲಿ ಬರೆದಿರುವುದು ಇದನ್ನೇ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ತೆಂಗಿನ ನಾರು, ಭತ್ತದ ಹೊಟ್ಟು, ಬೂರುಗದ ಹತ್ತಿ, ಮೆಡಿಕಲ್ ಶಾಪಿನ ಹತ್ತಿ ಇದ್ದರೆ ಸಾಕು. ಮಲೆನಾಡಿನವರು ಅಡಿಕೆ ಸಿಪ್ಪೆ, ಬಯಲುಸೀಮೆಯವರು ಜೋಳದ ಸೊಪ್ಪೆ ಸೇರಿಸಿಕೊಳ್ಳಲಿ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ 10 ಗ್ರಾಂ ತೂಗಿಸಿ ಐದು ಸಮ ಪಾಲು ಮಾಡಿದರೆ ತಲಾ 2 ಗ್ರಾಂ ಆಯಿತು. ಪ್ರತಿ ಪಾಲನ್ನೂ ಒಂದೇ ಅಳತೆಯ ಸೊಳ್ಳೆಪರದೆ ತುಂಡಿನಲ್ಲಿ ಕಟ್ಟಿ. ಸೂಜಿ ತೆಗೆದ ಸಿರಿಂಜ್‌ನಲ್ಲಿ 20 ಮಿಲಿ ಎಣ್ಣೆ ಅಳೆದು ಒಂದು ಲೋಟ ನೀರಿಗೆ ಹಾಕಿ. ಗಂಟನ್ನು ಐದು ನಿಮಿಷ ಬಿಟ್ಟು, ಎತ್ತಿ, ಹಿಂಡದೆ ತೊಟ್ಟಿಕ್ಕಲು ಬಿಡಿ. ಉಳಿದದ್ದನ್ನು ಪಾರದರ್ಶಕ ಬಾಟಲಿಗೆ ಸುರಿದರೆ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ಆ ಪದರ ಎಷ್ಟು ಮಿಲಿಮೀಟರ್ ದಪ್ಪ ಎಂದು ಸ್ಕೇಲಿನಿಂದ ಅಳೆಯಿರಿ. ಪ್ರತಿ ಸಲವೂ ಅದೇ ಬಾಟಲಿ ಇರಲಿ.

ಒಂದು ಗಂಟು ಮಾತ್ರ ಖಾಲಿ ಇರಬೇಕು. ಒಳಗೆ ಏನೂ ಇಲ್ಲದ ಬರೀ ಪರದೆ. ಮಕ್ಕಳು ನಗಬಹುದು, ‘ಖಾಲಿ ಬಟ್ಟೆ ಅದ್ದಿದರೆ ಏನು ಬಂತು ಸಾರ್’ ಎನ್ನಬಹುದು. ಈ ಪ್ರಯೋಗದ ಜೀವ ಇರುವುದು ಅಲ್ಲೇ. ಪರದೆಗೂ ಸ್ವಲ್ಪ ಎಣ್ಣೆ ಅಂಟುತ್ತದೆ, ಲೋಟದ ಗೋಡೆಗೂ ಅಂಟುತ್ತದೆ. ಆ ಲೆಕ್ಕ ಕಳೆಯದೆ ‘ನಾರು ಇಷ್ಟು ಹೀರಿತು’ ಎಂದರೆ ನಾರಿಗೆ ಸಲ್ಲದ ಹೊಗಳಿಕೆ ಕೊಟ್ಟಂತೆ.

ಖಾಲಿ ಗಂಟೂ ಸೇರಿ ಐದು ಬಗೆ, ಒಂದೊಂದು ಮೂರು ಸಲ, ಒಟ್ಟು 15 ಸುತ್ತು. ಬೇಕಾಗುವ ಎಣ್ಣೆ 300 ಮಿಲಿ. ತರಗತಿಯನ್ನು ಐದು ಗುಂಪು ಮಾಡಿದರೆ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಯಾವುದಾದರೂ ಗಂಟು ಎಣ್ಣೆಯನ್ನೆಲ್ಲ ಕುಡಿದುಬಿಟ್ಟರೆ, ಎಲ್ಲದಕ್ಕೂ ಒಂದೇ ಪ್ರಮಾಣದಲ್ಲಿ ಎಣ್ಣೆ ಹೆಚ್ಚಿಸಿ ಮತ್ತೆ ಮಾಡಬೇಕು. ಕೊನೆಗೆ ಆ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ಸುರಿದರೆ ಪಾಠವೇ ದಂಡ.

ಇಲ್ಲಿ ಮಕ್ಕಳನ್ನು ಬೆಚ್ಚಿಸುವ ಎರಡು ಸಂಗತಿಗಳಿವೆ. ಮೊದಲನೆಯದು ಹತ್ತಿಯದು. ಮೆಡಿಕಲ್ ಶಾಪಿನ ಹತ್ತಿ ಬೆಳ್ಳಗೆ, ಶುಭ್ರವಾಗಿರುತ್ತದೆ. ಅದೇ ಗೆಲ್ಲುತ್ತದೆ ಎಂದು ಹೆಚ್ಚಿನವರು ಊಹಿಸುತ್ತಾರೆ. ಆದರೆ ಗಾಯದ ರಸ ಹೀರಲೆಂದೇ ಅದರ ಸಹಜ ಮೇಣವನ್ನು ತೆಗೆದಿರುತ್ತಾರೆ, ಹಾಗಾಗಿ ಅದು ನೀರನ್ನೂ ಗಟಗಟ ಕುಡಿಯುತ್ತದೆ. ಬೂರುಗದ ಎಳೆಯ ಮೇಲೆ ಮೇಣದಂಥ ಪದರ ಇರುತ್ತದೆ. ಅದು ನೀರನ್ನು ದೂರ ಇಟ್ಟು ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ದಿಂಬಿಗೆ ತುಂಬುವ ಅರಳೆ ಅಂಗಡಿಯ ಹತ್ತಿಯನ್ನು ಹಿಂದೆ ಹಾಕಿದ್ದನ್ನು ಮಗು ತಾನೇ ಅಳೆದು ಕಂಡರೆ ಸಾಯುವವರೆಗೂ ಮರೆಯುವುದಿಲ್ಲ.

ಎರಡನೆಯದು ಪಾತ್ರೆ ತೊಳೆಯುವ ಸೋಪಿನದು. ನಾಲ್ಕು ಹನಿ ಹಾಕಿ ಕಲಕಿದರೆ ಮೇಲಿನ ಎಣ್ಣೆಯ ಪದರ ಮಾಯ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಎಣ್ಣೆ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಸಣ್ಣ ಸಣ್ಣ ಹನಿಗಳಾಗಿ ನೀರಿನೊಳಗೇ ಇದೆ. ನೀರು ಮಬ್ಬಾದದ್ದೇ ಅದಕ್ಕೆ ಸಾಕ್ಷಿ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ 11 ಕಾರ್ಮಿಕರು ಸತ್ತು, ಸಮುದ್ರದ ತಳದಿಂದ ಎಣ್ಣೆ ಉಕ್ಕಿತು. ಆಗ ಎಣ್ಣೆಯನ್ನು ಹೀಗೆ ಹನಿಹನಿಯಾಗಿ ಒಡೆಯುವ ರಾಸಾಯನಿಕವನ್ನು ಸುಮಾರು 70 ಲಕ್ಷ ಲೀಟರ್ ಬಳಸಿದರು. ಅದರಿಂದ ಸಮುದ್ರಕ್ಕೆ ಒಳ್ಳೆಯದಾಯಿತೇ ಕೆಟ್ಟದ್ದಾಯಿತೇ ಎಂಬ ಚರ್ಚೆ ಆಮೇಲೆ ಬಹುಕಾಲ ನಡೆಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಹಾಗಾದರೆ ಶಾಲೆಗಳಲ್ಲಿ ಹೀಗೆ ಯಾಕೆ ನಡೆಯುವುದಿಲ್ಲ? ಶಿಕ್ಷಕರನ್ನು ಬೈದರೆ ಸುಲಭ, ಆದರೆ ಅದು ನ್ಯಾಯವಲ್ಲ. ಪಾಠ ಮುಗಿಸಬೇಕು, ಎಸ್ಸೆಸ್ಸೆಲ್ಸಿ ಫಲಿತಾಂಶ ತರಬೇಕು, ನಡುವೆ ಹತ್ತು ಬೇರೆ ಕೆಲಸ. ಎಷ್ಟೋ ಕಡೆ ಒಬ್ಬರೇ ವಿಜ್ಞಾನ ಶಿಕ್ಷಕರು ಗಣಿತವನ್ನೂ ನೋಡಿಕೊಳ್ಳುತ್ತಾರೆ. ಹಾಗಾಗಿ ಪ್ರಯೋಗ ಬೋರ್ಡಿನ ಮೇಲೆ ನಡೆಯುತ್ತದೆ, ಫಲಿತಾಂಶ ಹಿಂದಿನ ವರ್ಷದ ರೆಕಾರ್ಡ್ ಪುಸ್ತಕದಿಂದ ಬರುತ್ತದೆ. ಕಂಡದ್ದನ್ನು ಬರೆದ ಮಗುವಿಗೆ ಕೆಂಪು ಗೆರೆ, ನಕಲು ಮಾಡಿದ ಮಗುವಿಗೆ ‘ಗುಡ್’. ನಿನ್ನ ಕಣ್ಣನ್ನು ನಂಬಬೇಡ, ಬರೆದಿಟ್ಟದ್ದನ್ನು ನಂಬು ಎಂದು ಮಗು ಅಲ್ಲಿಯೇ ಕಲಿತುಬಿಡುತ್ತದೆ.

ಆ ಕಲಿಕೆಯ ಬೆಲೆ ತೆರುವವರು ನಾವೇ. ಊರಿಗೆ ಬಂದ ಮಾರಾಟದವನು ಒಂದು ಬಾಟಲಿ ತೋರಿಸಿ ‘ಇದನ್ನು ಹೊಡೆದರೆ ಇಳುವರಿ ಡಬಲ್’ ಎನ್ನುತ್ತಾನೆ. ಹೊಡೆದವರ ಹೊಲದಲ್ಲಿ ಬೆಳೆ ಚೆನ್ನಾಗಿ ಬಂತು ಎನ್ನೋಣ. ಅದು ಔಷಧಿಯಿಂದಲೋ, ಆ ವರ್ಷದ ಮಳೆಯಿಂದಲೋ? ನಾಲ್ಕು ಸಾಲನ್ನು ಏನೂ ಹೊಡೆಯದೆ ಬಿಟ್ಟಿದ್ದರೆ ತಿಳಿಯುತ್ತಿತ್ತು. ಆ ನಾಲ್ಕು ಸಾಲೇ ನಮ್ಮ ಖಾಲಿ ಪರದೆ. ಮೊಬೈಲಿಗೆ ಬರುವ ಮನೆಮದ್ದಿನ ಸಂದೇಶಕ್ಕೂ ಇದೇ ಪ್ರಶ್ನೆ ಹಾಕಬಹುದು. ಅದನ್ನು ಕುಡಿಯದೆಯೂ ನೆಗಡಿ ವಾರದಲ್ಲಿ ವಾಸಿಯಾಗುತ್ತಿರಲಿಲ್ಲವೇ?

ಈ ಪ್ರಶ್ನೆಯನ್ನು ಭಾಷಣದಿಂದ ಕಲಿಸಲು ಆಗುವುದಿಲ್ಲ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಕೈಗೆ ಎಣ್ಣೆ ಮೆತ್ತಿಸಿಕೊಂಡೇ ಕಲಿಯಬೇಕು. ಮೂರು ಸಲ ಅಳೆದಾಗ ಮೂರು ಅಂಕಿ ಬಂದು, ‘ಇದರಲ್ಲಿ ಯಾವುದು ಸರಿ’ ಎಂದು ಗುಂಪಿನಲ್ಲಿ ಜಗಳ ಆಗಬೇಕು. ಆ ಜಗಳದ ನಡುವೆ ಮೇಷ್ಟ್ರು ಉತ್ತರ ಹೇಳಿಬಿಡದೆ, ‘ಯಾಕೆ ಹಾಗಾಯಿತು, ನೀವೇ ಹುಡುಕಿ’ ಎಂದು ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟದ ಕೆಲಸ ಎಂಬುದೂ ನಮಗೆ ಗೊತ್ತು.

ಇದನ್ನು ಓದುತ್ತಿರುವವರಲ್ಲಿ ಎಸ್‌ಡಿಎಂಸಿ ಸದಸ್ಯರಿದ್ದೀರಿ, ತಂದೆ ತಾಯಂದಿರಿದ್ದೀರಿ. ಮುಂದಿನ ಸಭೆಯಲ್ಲಿ ಕಾಂಪೌಂಡು, ಬಣ್ಣದ ಜೊತೆಗೆ ಇದನ್ನೂ ಒಂದು ಮಾತು ಕೇಳಿ. ಅರ್ಧ ಲೀಟರ್ ಎಣ್ಣೆ, ಒಂದು ಹರಿದ ಸೊಳ್ಳೆಪರದೆ, ನಾಲ್ಕು ಸಿರಿಂಜ್ ನೀವೇ ಕೊಡಿಸಬಹುದು. ವಸ್ತುಪ್ರದರ್ಶನದ ತೀರ್ಪುಗಾರರಾಗಿ ಕರೆದರೆ ಮಾದರಿಯ ಬಣ್ಣ ನೋಡಿ ಅಂಕ ಕೊಡಬೇಡಿ. ‘ನೀನು ಮೊದಲು ಏನು ಊಹಿಸಿದ್ದೆ ಮಗಾ? ಆಮೇಲೆ ಏನಾಯಿತು?’ ಎಂದು ಕೇಳಿ. ‘ನಾನು ಅಂದುಕೊಂಡದ್ದು ತಪ್ಪಾಯಿತು ಸಾರ್, ಯಾಕೆಂದರೆ...’ ಎಂದು ಶುರು ಮಾಡುವ ಮಗುವಿಗೆ ಮೊದಲ ಬಹುಮಾನ ಕೊಡಿ.