ಒಂದು ‘ಎಸ್’ ಅಕ್ಷರದ ಬೆಲೆ

‘ಐ ವಾಸ್’ ಎನ್ನಬೇಕೆಂದು ಕಲಿಸಿದ ಮೇಲೆ ‘ಇಫ್ ಐ ವರ್ ಎ ಬರ್ಡ್’ ಹೇಗೆ ಸರಿಯಾಗುತ್ತದೆ ಎಂದು ಪ್ರೌಢಶಾಲೆಯಲ್ಲಿ ಓದುವ ಮೊಮ್ಮಗಳು ಈಚೆಗೆ ಕೇಳಿದಳು. ‘ಇಫ್ ಬಂದರೆ ವರ್ ಹಾಕಿ, ಬಾಯಿಪಾಠ ಮಾಡಿ’ ಎಂಬುದು ತರಗತಿಯಲ್ಲಿ ಅವಳಿಗೆ ದೊರೆತ ಉತ್ತರ. ಅದು ಅರೆಸತ್ಯ. ನಿನ್ನೆ ಅವನು ಸಭೆಯಲ್ಲಿ ಇದ್ದನೋ ಇಲ್ಲವೋ ತಿಳಿಯದೆ, ‘ಇದ್ದದ್ದೇ ಆದರೆ’ ಎನ್ನುವಾಗ ಇಂಗ್ಲಿಷಿನಲ್ಲಿ ‘ವಾಸ್’ ಎಂದೇ ಬರಬೇಕು. ‘ವರ್’ ಬರುವುದು ಇಲ್ಲದ್ದನ್ನು ಇದೆಯೆಂದು ಊಹಿಸಿಕೊಂಡಾಗ ಮಾತ್ರ.

ಇಂಗ್ಲಿಷ್ ವೈಯಾಕರಣರು ‘ಸಬ್‌ಜಂಕ್ಟಿವ್’ ಎಂದು ಕರೆಯುವ ಈ ರೂಪದ ಇನ್ನೊಂದು ಮುಖ ಆಜ್ಞೆ ಮತ್ತು ಒತ್ತಾಯಗಳದ್ದು. ಅದರ ಪಾಠವನ್ನು ನಾನು ಕಲಿತದ್ದು ಸೇವೆಗೆ ಸೇರಿದ ಹೊಸತರಲ್ಲಿ, ನನ್ನದೇ ತಪ್ಪಿನಿಂದ. ಹಿರಿಯ ಗುಮಾಸ್ತರೊಬ್ಬರು ಕರಡು ಟಿಪ್ಪಣಿಯಲ್ಲಿ ‘ದಿ ಆಡಿಟರ್ ಇನ್‌ಸಿಸ್ಟೆಡ್ ದಟ್ ದಿ ಕಂಟ್ರ್ಯಾಕ್ಟರ್ ಪೇ ದಿ ಟ್ಯಾಕ್ಸ್’ ಎಂದು ಬರೆದಿದ್ದರು. ಏಕವಚನಕ್ಕೆ ‘ಪೇಸ್’ ಆಗಬೇಕಲ್ಲವೇ? ಅರ್ಥಶಾಸ್ತ್ರದ ಎಂ.ಎ. ಪದವಿಯ ಹಮ್ಮಿನಲ್ಲಿ ಕೆಂಪು ಶಾಯಿಯಿಂದ ಒಂದು ‘ಎಸ್’ ಸೇರಿಸಿದೆ. ಗುತ್ತಿಗೆದಾರ ತೆರಿಗೆ ಕಟ್ಟಲಿ ಎಂಬ ಪಟ್ಟು, ಗುತ್ತಿಗೆದಾರ ತೆರಿಗೆ ಕಟ್ಟುತ್ತಿದ್ದಾನೆ ಎಂಬ ಖಾತರಿಯಾಗಿ ಮಾರ್ಪಟ್ಟಿತು. ಮುಂದಿನ ಮೇಜಿನವರು ಅದನ್ನು ಹಾಗೆಯೇ ಓದಿ, ಕಡಿತ ಮಾಡದೆ ಬಿಲ್ ಪಾಸು ಮಾಡಿದರು. ಹಣ ವಸೂಲಿಗೆ ಪಟ್ಟ ಪಾಡು ಬೇರೆ ಮಾತು.

ಈ ರೂಪ ಅಳಿವಿನಂಚಿನಲ್ಲಿದೆಯೆಂದು ಫೌಲರ್ 1926ರಲ್ಲೇ ತಮ್ಮ ಪ್ರಸಿದ್ಧ ಬಳಕೆ ಕೋಶದಲ್ಲಿ ತೀರ್ಪು ಕೊಟ್ಟಿದ್ದರು. ಅದು ಅಳಿಯಲಿಲ್ಲ. ಅಮೆರಿಕನ್ನರು ಇಂದಿಗೂ ಧಾರಾಳವಾಗಿ ಬಳಸುತ್ತಾರೆ. ಬ್ರಿಟಿಷರು ಹೆಚ್ಚಾಗಿ ನಡುವೆ ಒಂದು ‘ಶುಡ್’ ಇಟ್ಟು ಸಂದೇಹ ಪರಿಹರಿಸಿಕೊಳ್ಳುತ್ತಾರೆ. ನಮ್ಮ ಕಚೇರಿಗಳಲ್ಲಿ ಇಂಗ್ಲಿಷ್ ಬರೆಯುವವರಿಗೂ ಈ ಎರಡನೆಯದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ವಿಚಿತ್ರವೆಂದರೆ, ಕನ್ನಡದ ಮಕ್ಕಳಿಗೆ ಇದು ಹೊಸ ಕಲ್ಪನೆಯೇ ಅಲ್ಲ. ‘ಮಳೆ ಬರುತ್ತದೆ’, ‘ಮಳೆ ಬರಲಿ’, ‘ಮಳೆ ಬಂದೀತು’ ಎಂಬ ಮೂರರ ಅಂತರವನ್ನು ನಮ್ಮ ಹಳ್ಳಿಯ ಹುಡುಗ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಲ್ಲ. ವಿಧ್ಯರ್ಥಕ, ಸಂಭಾವನಾರ್ಥಕ ಎಂದು ಕನ್ನಡ ವ್ಯಾಕರಣದ ಪಾಠದಲ್ಲಿ ಅವಕ್ಕೆ ಹೆಸರೂ ಇದೆ. ಎರಡು ಭಾಷೆಗಳ ರೂಪಗಳು ಒಂದಕ್ಕೊಂದು ಸರಿಸಮ ಹೊಂದುವುದಿಲ್ಲ, ನಿಜ. ಆದರೆ ನಡೆದದ್ದು ಬೇರೆ, ನಡೆಯಬೇಕಾದ್ದು ಬೇರೆ, ನಡೆದಿದ್ದರೆ ಎಂಬ ಊಹೆ ಬೇರೆ ಎಂಬ ವಿವೇಕ ಒಂದೇ. (ಬೆಲೆ ಇಷ್ಟಿದ್ದರೆ ಎಷ್ಟು ಕೊಳ್ಳುತ್ತಿದ್ದರು ಎಂದು ಕೇಳುವ ನನ್ನ ಅರ್ಥಶಾಸ್ತ್ರದ ಬೇಡಿಕೆ ರೇಖೆಯೂ ಆ ಊಹೆಯ ಮೇಲೆಯೇ ನಿಂತಿದೆ.) ಒಂದೇ ಶಾಲೆಯ ಕನ್ನಡ ಮೇಷ್ಟರೂ ಇಂಗ್ಲಿಷ್ ಮೇಷ್ಟರೂ ಒಂದು ಗಂಟೆ ಜೊತೆಯಲ್ಲಿ ಕುಳಿತು ಈ ಪಾಠವನ್ನು ಹೆಣೆದರೆ ಬಾಯಿಪಾಠದ ಅಗತ್ಯವೇ ಬೀಳದು. ಮೊಮ್ಮಗಳಿಗೆ ನಾನು ಹಾಗೆಯೇ ಹೇಳಿಕೊಟ್ಟೆ. ಹತ್ತು ನಿಮಿಷ ಹಿಡಿಯಿತು.

ಆ ಗುಮಾಸ್ತರು ನಿವೃತ್ತರಾಗುವ ದಿನ, ಅಂದು ಏಕೆ ನನ್ನನ್ನು ತಡೆಯಲಿಲ್ಲವೆಂದು ಕೇಳಿದ್ದೆ. ‘ತಾವು ಕೇಳಿದ್ದರೆ ಹೇಳುತ್ತಿದ್ದೆ, ಸಾರ್’ ಎಂದರು.