ನೋವು ಅವ್ವನ ಬೆನ್ನಿಗೆ, ಹಾಸಿಗೆ ಗುದ್ದಿ ನೋಡಿದ್ದು ನಾವು

ಎರಡು ವರ್ಷದ ಹಿಂದಿನ ಮಾತು. ಅವ್ವನಿಗೆ ಸೊಂಟ ನೋವು ಜಾಸ್ತಿಯಾಗಿದೆ ಅಂತ ಅಣ್ಣ ಮತ್ತು ನಾನು ಅರಸೀಕೆರೆಗೆ ಹೋಗಿ ಒಂದು ಹಾಸಿಗೆ ತಂದೆವು. ಅಂಗಡಿಯವರು ನಾಲ್ಕೈದು ತೋರಿಸಿದರು. ನಾವಿಬ್ಬರೂ ಒಂದೊಂದರ ಮೇಲೂ ಮುಷ್ಟಿ ಕಟ್ಟಿ ಗುದ್ದಿ ನೋಡಿದೆವು. ಯಾವುದು ಎಲ್ಲಕ್ಕಿಂತ ಗಟ್ಟಿಯಾಗಿತ್ತೋ ಅದನ್ನೇ ಆರಿಸಿದೆವು. ಮೇಲೆ ‘ಆರ್ಥೋ’ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಲಗೇಜ್ ಆಟೋಗೆ ಹಾಕಿಸಿಕೊಂಡು ಸಂಜೆ ಹೊತ್ತಿಗೆ ಊರು ಮುಟ್ಟಿದೆವು. ಏನೋ ದೊಡ್ಡ ಕೆಲಸ ಮಾಡಿದ ಸಮಾಧಾನ.

ಒಂದು ವಾರ ಅವ್ವ ಏನೂ ಹೇಳಲಿಲ್ಲ. ಎಂಟನೇ ದಿನ ಬೆಳಿಗ್ಗೆ ನೋಡಿದರೆ ಹೊಸ ಹಾಸಿಗೆ ಗೋಡೆಗೆ ಒರಗಿ ನಿಂತಿತ್ತು. ಅವ್ವ ನೆಲದ ಮೇಲೆ ತನ್ನ ಹಳೇ ಹತ್ತಿ ಹಾಸಿಗೆ ಹಾಸಿಕೊಂಡು ಮಲಗಿದ್ದಳು. ಯಾಕವ್ವ ಅಂದರೆ, “ಕಲ್ಲು ಚಪ್ಪಡಿ ಮೇಲೆ ಮಲಗ್ದಂಗಾಯ್ತದೆ ಕಣಪ್ಪ. ಪಕ್ಕೆ, ಭುಜ ಎಲ್ಲಾ ಹಿಡ್ಕತದೆ. ಅಷ್ಟು ದುಡ್ಡು ಕೊಟ್ಟು ತಂದವ್ರಲ್ಲ ಅಂತ ಸುಮ್ಕಿದ್ದೆ” ಅಂದಳು.

ಅವತ್ತು ನಾಚಿಕೆಯಾಯಿತು. ನೋವು ಅವಳದು, ಮಲಗುವವಳು ಅವಳು, ಅಂಗಡಿಗೆ ಹೋದವರು ನಾವು. ವಿಚಾರಿಸಿ ನೋಡಿದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಅದಕ್ಕೇ ಈ ಬರಹ. ನನ್ನ ವಾದ ಇಷ್ಟೆ: ಬೆನ್ನು ಯಾರದು ನೋಯುತ್ತದೋ ಅವರೇ ಮಲಗಿ ನೋಡಿ ಹಾಸಿಗೆ ಆರಿಸಬೇಕು. ಗಟ್ಟಿಯಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕವನ್ನು ನಾವು ಬಿಡಬೇಕು.

ಗಟ್ಟಿಯಾದರೆ ಒಳ್ಳೆಯದಾ?

ಸೊಂಟ ನೋವು ಅಂದರೆ ಸಾಕು, ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನೆಲದ ಮೇಲೆ ಮಲಗು, ಇಲ್ಲವೇ ಹಲಗೆ ಮೇಲೆ ಮಲಗು. ಹಿಂದೆ ಡಾಕ್ಟರುಗಳೂ ಇದನ್ನೇ ಹೇಳುತ್ತಿದ್ದರು.

ಬೇಲೂರು ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ನೀವು ನೋಡಿಯೇ ಇರುತ್ತೀರಿ. ಕತ್ತು ಒಂದು ಕಡೆ, ಸೊಂಟ ಇನ್ನೊಂದು ಕಡೆ ಬಾಗಿರುತ್ತದೆ. ಅಷ್ಟು ಬಳುಕದಿದ್ದರೂ ನಮ್ಮ ನಿಮ್ಮ ಬೆನ್ನೂ ನೇರವಾಗಿಲ್ಲ. ಪಕ್ಕದಿಂದ ನೋಡಿದರೆ ಬೆನ್ನುಮೂಳೆ ಕತ್ತಿನ ಹತ್ತಿರ ಒಳಕ್ಕೆ, ಅದರ ಕೆಳಗೆ ಹೊರಕ್ಕೆ, ಸೊಂಟದ ಹತ್ತಿರ ಮತ್ತೆ ಒಳಕ್ಕೆ ಬಾಗಿದೆ. ತೀರಾ ಗಟ್ಟಿ ಜಾಗದಲ್ಲಿ ಮಲಗಿದರೆ ಭುಜ ಮತ್ತು ಕುಂಡಿ ಮಾತ್ರ ಭಾರ ಹೊರುತ್ತವೆ. ಸೊಂಟದ ಕೆಳಗೆ ಸಂದು ಉಳಿಯುತ್ತದೆ, ಅಲ್ಲಿನ ಮಾಂಸಖಂಡ ಬಿಗಿದುಕೊಂಡೇ ಇರುತ್ತದೆ. ತೀರಾ ಮೆತ್ತಗಿದ್ದರೆ ಕುಂಡಿ ಕುಸಿದು ಬೆನ್ನು ತೊಟ್ಟಿಲಂತೆ ಬಾಗುತ್ತದೆ. ಎರಡೂ ತೊಂದರೆಯೇ.

ಸ್ಪೇನ್ ದೇಶದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬಹುದಿನದಿಂದ ಸೊಂಟ ನೋವಿದ್ದ 313 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ. ಯಾರಿಗೆ ಯಾವುದು ಬಂದಿದೆ ಅಂತ ಮಲಗುವವರಿಗೆ ಹೇಳಿರಲಿಲ್ಲ. 90 ದಿನ ಆದ ಮೇಲೆ ನೋಡಿದರೆ, ಮಲಗಿದಾಗಿನ ನೋವು, ಎದ್ದಾಗಿನ ನೋವು, ಕೆಲಸ ಮಾಡಲು ಆಗುವ ತೊಂದರೆ, ಮೂರರಲ್ಲೂ ಮಧ್ಯಮ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಒಂದು ಪರೀಕ್ಷೆಯೇ ಕೊನೆಯ ಮಾತಲ್ಲ, ನಿಜ. ಆದರೆ ಗಟ್ಟಿ ಹಾಸಿಗೆಯೇ ಔಷಧಿ ಅನ್ನುವ ಮಾತಿಗೆ ಆಧಾರ ಸಾಲದು ಅನ್ನುವುದಂತೂ ಗೊತ್ತಾಯಿತು.

ಅಂಗಡಿಯಲ್ಲಿ ಏನಿದೆ?

ಮೊದಲು ಕಾಯರ್ ಬೆಡ್. ಇದು ನಮ್ಮದೇ ತೆಂಗಿನ ನಾರು. ಅರಸೀಕೆರೆ ಕಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಕಾಯಿ ಮಟ್ಟೆ ಎಷ್ಟೋ ಮನೆಗಳಲ್ಲಿ ಹಂಡೆ ಒಲೆಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಅದೇ ಮಟ್ಟೆಯ ನಾರನ್ನು ಹಗ್ಗದಂತೆ ಹೊಸೆದು, ಆಮೇಲೆ ಬಿಚ್ಚುತ್ತಾರೆ. ಆಗ ನಾರು ಸುರುಳಿ ಸುರುಳಿಯಾಗಿ ಪುಟಿಯುವ ಗುಣ ಪಡೆಯುತ್ತದೆ. ಅದಕ್ಕೆ ರಬ್ಬರ್ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ, ಬಿಸಿ ಮಾಡಿ ಹಾಸಿಗೆ ಮಾಡುತ್ತಾರೆ. ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ಬೆವರು ಕಡಿಮೆ. ಆದರೆ ಮಡಿಸಬಾರದು, ಮಡಿಸಿದರೆ ನಾರು ಮುರಿಯುತ್ತದೆ. ಕೆಲವು ವರ್ಷಕ್ಕೆ ಮಲಗುವ ಜಾಗದಲ್ಲಿ ಹಳ್ಳ ಬೀಳುತ್ತದೆ. ಬರೀ ಕಾಯರ್ ಇದ್ದರೆ ತೆಳ್ಳಗಿರುವವರಿಗೆ ಬಹಳ ಗಟ್ಟಿ ಅನಿಸಬಹುದು. ಮೇಲೆ ಒಂದೆರಡು ಇಂಚು ಫೋಮ್ ಇರುವುದು ಬಹಳ ಜನಕ್ಕೆ ಹೊಂದುತ್ತದೆ.

ಎರಡನೆಯದು ಫೋಮ್. ಅಂಗಡಿಯವರು 28 ಡೆನ್ಸಿಟಿ, 32 ಡೆನ್ಸಿಟಿ, 40 ಡೆನ್ಸಿಟಿ ಅನ್ನುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ ಅದು. ಗಟ್ಟಿಯೋ ಮೆತ್ತಗೋ ಅನ್ನುವುದನ್ನು ಅದು ಹೇಳುವುದಿಲ್ಲ. ಡೆನ್ಸಿಟಿ ಹೆಚ್ಚಿದ್ದರೆ ಸಾಮಾನ್ಯವಾಗಿ ಹೆಚ್ಚು ವರ್ಷ ಕುಸಿಯದೆ ಬಾಳಿಕೆ ಬರುತ್ತದೆ. ಅಗ್ಗದ ಫೋಮ್ ಮೊದಲ ತಿಂಗಳು ಚೆನ್ನಾಗಿದ್ದು ಆಮೇಲೆ ಕುಸಿಯಬಹುದು.

ಮೂರನೆಯದು ಸ್ಪ್ರಿಂಗ್ ಬೆಡ್. ಬೆಲೆ ಸಾಮಾನ್ಯವಾಗಿ ಹೆಚ್ಚು, ತೂಕವೂ ಹೆಚ್ಚು. ಒಳ್ಳೆಯದು ಸಿಕ್ಕರೆ ಬೆನ್ನಿಗೆ ಹೊಂದುತ್ತದೆ. ಆದರೆ ಸ್ಪ್ರಿಂಗ್ ಇದ್ದರೇ ವಾಸಿ ಅನ್ನುವುದೇನೂ ಇಲ್ಲ.

ನಾಲ್ಕನೆಯದು ನಮ್ಮ ಹತ್ತಿ ಹಾಸಿಗೆ. ಇದನ್ನು ಬಡವರ ಹಾಸಿಗೆ ಅಂತ ಮೂಲೆಗೆ ಹಾಕಿದ್ದೇವೆ. ಹೊಸದಾಗಿ ಹಿಂಜಿದ ಹತ್ತಿ ತೀರಾ ಗಟ್ಟಿಯೂ ಅಲ್ಲ, ತೀರಾ ಮೆತ್ತಗೂ ಇಲ್ಲ. ಗಂಟು ಗಂಟಾದರೆ ಬಿಸಿಲಿಗೆ ಹಾಕಿ ಮತ್ತೆ ಹಿಂಜಿಸಬಹುದು. ಫೋಮ್ ಕುಸಿದರೆ ಬಿಸಾಕುವುದೇ ಗತಿ, ಹತ್ತಿಗೆ ಮರುಹುಟ್ಟು ಇದೆ. ಹಿಂಜಿಸದೆ ಹತ್ತು ವರ್ಷ ಮಲಗಿ ಹಾಸಿಗೆ ಸರಿಯಿಲ್ಲ ಅಂದರೆ ತಪ್ಪು ನಮ್ಮದು.

‘ಆರ್ಥೋ’, ‘ಆರ್ಥೋಪೆಡಿಕ್’ ಅನ್ನುವ ಹೆಸರು ನೋಡಿ ಮರುಳಾಗಬೇಡಿ. ಅದು ಮಾರಾಟದ ಹೆಸರು. ಆ ಹೆಸರಿದೆ ಅಂದ ಮಾತ್ರಕ್ಕೆ ಯಾವ ಮೂಳೆ ಡಾಕ್ಟರೂ ನಿಮ್ಮ ಬೆನ್ನು ನೋಡಿ ಅದನ್ನು ಬರೆದುಕೊಟ್ಟಂತೆ ಆಗುವುದಿಲ್ಲ.

ಹೆಂಗಸರು ಮಲಗಿ ನೋಡುವುದು ಹೇಗೆ?

ಹಾಸಿಗೆ ನೋಡುವ ಸರಿಯಾದ ದಾರಿ ಸುಲಭ. ಚಪ್ಪಲಿ ಬಿಟ್ಟು, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೇ ಹತ್ತು ಹದಿನೈದು ನಿಮಿಷ ಮಲಗಬೇಕು. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ ನೋಡಿ. ಕೈ ಸಲೀಸಾಗಿ ಒಳಹೋಗಿ ಇನ್ನೂ ಜಾಗ ಉಳಿದರೆ ಅದು ನಿಮಗೆ ಗಟ್ಟಿ. ಕುಂಡಿ ಕುಸಿದು ಕೈ ಹೋಗುವುದೇ ಇಲ್ಲ ಅಂದರೆ ಮೆತ್ತಗೆ. ಸ್ವಲ್ಪ ತಿಣುಕಿ ಕೈ ಹೋದರೆ ಹೊಂದಬಹುದು. ಆಮೇಲೆ ಪಕ್ಕಕ್ಕೆ ಹೊರಳಿ. ಭುಜ ಒತ್ತಬಾರದು, ಹೊರಳಲು ಕಷ್ಟವಾಗಬಾರದು. ಅರವತ್ತು ಕೆಜಿಯವರಿಗೆ ಗಟ್ಟಿ ಅನಿಸಿದ್ದು ತೊಂಬತ್ತು ಕೆಜಿಯವರಿಗೆ ಮೆತ್ತಗಿರಬಹುದು. ಮುಷ್ಟಿಗೆ ಇದು ಯಾವುದೂ ತಿಳಿಯುವುದಿಲ್ಲ.

ಹೇಳುವುದು ಸುಲಭ. ಆದರೆ ಅರಸೀಕೆರೆಯ ಪೇಟೆ ಬೀದಿಯಲ್ಲಿ, ರಸ್ತೆಗೇ ತೆರೆದ ಅಂಗಡಿಯಲ್ಲಿ, ಹೋಗಿ ಬರುವವರೆಲ್ಲ ನೋಡುತ್ತಿರುವಾಗ ಹಳ್ಳಿಯ ಹೆಂಗಸೊಬ್ಬಳು ಹಾಸಿಗೆ ಮೇಲೆ ಕಾಲು ಚಾಚಿ ಮಲಗುವುದು ಸಾಧ್ಯವಾ? ಅವ್ವನನ್ನು ಕೇಳಿದೆ. “ಥೂ, ನಾಚ್ಕೆ ಆಗಲ್ವಾ” ಅಂದಳು. ಆದ್ದರಿಂದಲೇ ಗಂಡನೋ ಮಗನೋ ಹೋಗಿ ಗುದ್ದಿ ತರುತ್ತಾರೆ.

ಬಟ್ಟೆ ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ಮರೆ ಇರುತ್ತದೆ. ಹಾಸಿಗೆ ಅಂಗಡಿಯಲ್ಲೂ ಒಳಗಿನ ಮೂಲೆಯಲ್ಲಿ ಒಂದು ಮಂಚ, ಒಂದು ಪರದೆ ಇಟ್ಟರೆ ಅಂಗಡಿಯವರಿಗೆ ದೊಡ್ಡ ಖರ್ಚೇನೂ ಇಲ್ಲ. ನಾವು ಕೇಳಬೇಕು. ಕೇಳುವವರು ಹೆಚ್ಚಾದರೆ ಇಡುತ್ತಾರೆ. ಅಲ್ಲಿಯವರೆಗೆ ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ, ಜನ ಕಡಿಮೆ ಇರುವಾಗ, ಜೊತೆಗೆ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು ಹೋಗಿ.

ಫೋನಿನಲ್ಲಿ ಬುಕ್ ಮಾಡುವವರೂ ಈಗ ಹೆಚ್ಚಾಗಿದ್ದಾರೆ. ಕೆಲವು ಕಂಪನಿಗಳು ಇಷ್ಟು ದಿನ ಮಲಗಿ ನೋಡಿ, ಬೇಡವಾದರೆ ವಾಪಸ್ ಕೊಡಿ ಅನ್ನುತ್ತವೆ. ಒಳ್ಳೆಯ ಮಾತೇ. ಆದರೆ ವಾಪಸ್ ಒಯ್ಯುವ ಗಾಡಿ ನಿಮ್ಮ ಊರಿನ ಪಿನ್ ಕೋಡಿಗೆ ಬರುತ್ತದಾ ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ. ಬಿಲ್ ಮತ್ತು ವಾರಂಟಿ ಕಾರ್ಡ್ ಜೋಪಾನ ಮಾಡಿ. ಎಷ್ಟು ಇಂಚು ಹಳ್ಳ ಬಿದ್ದರೆ ಬದಲಿಸಿ ಕೊಡುತ್ತಾರೆ ಅನ್ನುವುದನ್ನೂ ಓದಿಸಿಕೊಳ್ಳಿ.

ಮಂಚ ಯಾರಿಗೆ, ಚಾಪೆ ಯಾರಿಗೆ?

ಇನ್ನೊಂದು ಮಾತು ಹೇಳದೆ ಹೋದರೆ ಬರಹ ಅರ್ಧವಾಗುತ್ತದೆ. ನಮ್ಮ ಮನೆಗಳಲ್ಲಿ ಒಳ್ಳೆಯ ಹಾಸಿಗೆ ಯಾರಿಗೆ ಸಿಗುತ್ತದೆ? ಮದುವೆಯಲ್ಲಿ ಬಂದ ಮಂಚ ಮಗ ಸೊಸೆಗೆ, ಹಾಲ್‌ನಲ್ಲಿರುವುದು ಬಂದ ನೆಂಟರಿಗೆ. ಹೊಲದಲ್ಲಿ ಬಗ್ಗಿ ಕಳೆ ತೆಗೆದವಳು, ಬೇಲೂರು ಕಡೆ ಶುಂಠಿ ಕಿತ್ತವಳು, ಕಾಫಿ ತೋಟದಲ್ಲಿ ಚೀಲ ಹೊತ್ತವಳು, ಕೊಟ್ಟಿಗೆ ಬಳಿದು ಡೈರಿಗೆ ಹಾಲು ಹಾಕಿ ಬಂದವಳು ಅಡುಗೆ ಮನೆ ಬಾಗಿಲಲ್ಲಿ ಚಾಪೆ ಹಾಸಿಕೊಳ್ಳುತ್ತಾಳೆ. ಹೆಚ್ಚು ಬಗ್ಗಿದ ಬೆನ್ನಿಗೆ ಮನೆಯ ಕೊನೇ ಹಾಸಿಗೆ. ಹೊಸ ಹಾಸಿಗೆ ಕೊಳ್ಳುವ ಮೊದಲು ಇರುವ ಹಾಸಿಗೆಯಲ್ಲಿ ಯಾರು ಮಲಗಬೇಕು ಅಂತ ಮನೆಯಲ್ಲಿ ಒಂದು ಸಲ ಕೂತು ಮಾತಾಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನೆಲದ ಮೇಲೆ ಮಲಗಿ ಸುಖವಾಗಿರುವವರು ಇದ್ದಾರೆ. ಅವರು ಬದಲಿಸಬೇಕಾಗಿಲ್ಲ. ಆದರೆ ಮೊಣಕಾಲು ನೋವಿರುವ ವಯಸ್ಸಾದವರಿಗೆ ನೆಲದಿಂದ ಏಳುವುದೇ ಒಂದು ಶಿಕ್ಷೆ. ಅವರಿಗೆ ಮೊಣಕಾಲ ಎತ್ತರದ ಮಂಚ ಇದ್ದರೆ ಅರ್ಧ ಕಷ್ಟ ಕಡಿಮೆ.

ಸಾಲ ಮಾಡಬೇಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆ ಕೊಳ್ಳುವಾಗಲೂ ಆ ಮಾತು ನೆನಪಿರಲಿ. ಕಂತಿನ ಮೇಲೆ ದುಬಾರಿ ಬೆಡ್ ತರುವ ಮೊದಲು ಇವನ್ನು ಮಾಡಿ ನೋಡಿ. ಹಗ್ಗದ ಮಂಚ ಜೋತು ಬಿದ್ದಿದ್ದರೆ ಬಿಗಿಸಿ, ಇಲ್ಲವೇ ಹಾಸಿಗೆ ಕೆಳಗೆ ಪ್ಲೈವುಡ್ ಹಲಗೆ ಹಾಕಿ. ಹಾಸಿಗೆ ಗಟ್ಟಿಯಿದ್ದರೆ ಮೇಲೆ ತೆಳ್ಳಗಿನ ಹತ್ತಿ ಹಾಸಿಗೆ ಹಾಸಿ. ಅಂಗಾತ ಮಲಗುವವರು ಮಂಡಿ ಕೆಳಗೆ, ಪಕ್ಕಕ್ಕೆ ಮಲಗುವವರು ಎರಡು ಮಂಡಿಗಳ ನಡುವೆ ಒಂದು ದಿಂಬು ಇಡಿ. ಏಳುವಾಗ ನೆಟ್ಟಗೆ ಏಳದೆ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಹೊಸ ಹಾಸಿಗೆಯ ಪ್ಲಾಸ್ಟಿಕ್ ಕವರ್ ದಯವಿಟ್ಟು ತೆಗೆಯಿರಿ. ಧೂಳು ಕೂರಬಾರದು ಅಂತ ವರ್ಷಗಟ್ಟಲೆ ಅದರ ಮೇಲೇ ಬೆವರುತ್ತಾ ಮಲಗುವವರನ್ನು ನಾನು ಬಹಳ ನೋಡಿದ್ದೇನೆ.

ನೋವು ಅಂತ ದಿನಗಟ್ಟಲೆ ಮಲಗೇ ಇರಬೇಡಿ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿಢೀರ್ ಸೊಂಟ ಹಿಡಿದಾಗ ಎರಡು ದಿನ ಮಲಗಿದವರಿಗಿಂತ ಆದಷ್ಟು ಮಟ್ಟಿಗೆ ದಿನದ ಓಡಾಟ ಬಿಡದವರೇ ಬೇಗ ಚೇತರಿಸಿಕೊಂಡರು. ಭಾರ ಎತ್ತಬೇಡಿ, ಆದರೆ ಓಡಾಡಿ.

ಎಲ್ಲ ಬೆನ್ನು ನೋವಿಗೂ ಹಾಸಿಗೆ ಕಾರಣವಲ್ಲ. ಕಾಲಿನ ಶಕ್ತಿ ಕುಂದಿದರೆ, ಒಂದಕ್ಕೆ ಎರಡಕ್ಕೆ ಹಿಡಿತ ತಪ್ಪಿದರೆ, ತೊಡೆಯ ಸಂದು ಮರಗಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿಯೂ ಬಿಡದ ನೋವು ಇದ್ದರೆ ತಡ ಮಾಡಬೇಡಿ. ಬೆನ್ನುಮೂಳೆಗೂ ಕ್ಷಯ ಬರುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಉಚಿತ. ವಯಸ್ಸಾದವರು ಬಿದ್ದ ಮೇಲೆ ಶುರುವಾದ ನೋವನ್ನು ಎಣ್ಣೆ ತಿಕ್ಕಿ ಕಾಲ ಕಳೆಯಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಬೇಕಾದರೆ ಹಾಸನದ ಹಿಮ್ಸ್ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ನಮ್ಮ ಮನೆಯ ಕಥೆ ಏನಾಯ್ತು ಅಂದರೆ, ಮುಂದಿನ ತಿಂಗಳು ಹತ್ತಿ ಹಿಂಜುವವರು ಊರಿಗೆ ಬಂದಾಗ ಅವ್ವನ ಹಳೇ ಹಾಸಿಗೆ ಬಿಚ್ಚಿ ಹಿಂಜಿಸಿದೆವು. ಎಷ್ಟು ದಪ್ಪ ಇರಬೇಕು ಅಂತ ಅವ್ವನೇ ಪಕ್ಕದಲ್ಲಿ ಕೂತು ಹೇಳಿದಳು. ಗೋಡೆಗೆ ಒರಗಿದ್ದ ಕಾಯರ್ ಬೆಡ್ಡಿನ ಪ್ಲಾಸ್ಟಿಕ್ ಹರಿದು ಮಂಚಕ್ಕೆ ಹಾಕಿ, ಮೇಲೆ ಇದನ್ನು ಹಾಸಿದೆವು. ನೋವು ಪೂರ್ತಿ ಹೋಗಿಲ್ಲ. ಅರವತ್ತು ವರ್ಷ ದುಡಿದ ಬೆನ್ನು ಅದು. ಆದರೆ ಬೆಳಿಗ್ಗೆ ಗೋಡೆ ಹಿಡಿದು ಏಳುವುದು ತಪ್ಪಿದೆ.

ನಿಮ್ಮ ಮನೆಯಲ್ಲೂ ಹಾಸಿಗೆ ತರುವ ಯೋಚನೆ ಇದ್ದರೆ, ಬೆನ್ನು ನೋಯುವವರನ್ನು ಬಸ್ಸಿಗೆ ಹತ್ತಿಸಿಕೊಂಡು ಹೋಗಿ. ಅವರು ಮಲಗಿ ನೋಡಲಿ. ನೀವು ಚೀಲ ಹಿಡಿದು ಪಕ್ಕದಲ್ಲಿ ನಿಂತಿರಿ.